ಕಟ್ಟಡಕ್ಕಿಂತ ಮೊದಲು ಸೂಚಿ ಬೇಕು: ನಮ್ಮ ವಿಶ್ವವಿದ್ಯಾಲಯಗಳ ಪತ್ರಾಗಾರಗಳ ಕುರಿತು

ಸಂಪಾದಕರಿಗೆ,

ಮಾನ್ಯರೇ,

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಇತಿಹಾಸವಾಗಲಿ, ಸಾಹಿತ್ಯವಾಗಲಿ, ಭೂಮಿ-ನೀರಿನ ಪ್ರಶ್ನೆಗಳಾಗಲಿ, ಯಾವುದರ ಮೇಲೆ ಸಂಶೋಧನೆ ಕೈಗೊಂಡರೂ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ಒಂದೇ ಆಗಿರುತ್ತದೆ. ಮೂಲ ಕಾಗದ ಎಲ್ಲಿದೆ, ಅದು ಇದೆಯೆಂದು ತಿಳಿಯುವುದು ಹೇಗೆ, ನೋಡಲು ಯಾರ ಅನುಮತಿ ಬೇಕು ಎಂಬುದಕ್ಕೆ ಉತ್ತರ ಸಿಗುವಷ್ಟರಲ್ಲಿ ಅವರ ಅಧ್ಯಯನದ ಅವಧಿಯ ದೊಡ್ಡ ಪಾಲು ಮುಗಿದಿರುತ್ತದೆ. ಇತಿಹಾಸವನ್ನು ಕಲಿಸುತ್ತಲೇ ವೃತ್ತಿಯಿಂದ ನಿವೃತ್ತನಾದ ನಾನು ಈ ತೊಡಕಿನಲ್ಲಿ ಸಿಕ್ಕಿಕೊಂಡ ಅನೇಕ ಜಾಣ ಮಕ್ಕಳನ್ನು ಕಂಡಿದ್ದೇನೆ. ನಮ್ಮ ಭಾಗದ ವಿಶ್ವವಿದ್ಯಾಲಯಗಳು ಹಳೆಯ ಮೂಲ ಕಾಗದಗಳನ್ನು ಕಾಪಾಡುವ ಪತ್ರಾಗಾರವನ್ನು ಸಂಶೋಧಕರಿಗೆ ಸಲ್ಲಿಸುವ ಒಂದು ನಿತ್ಯಸೇವೆಯೆಂದು ಭಾವಿಸಿ ನಡೆಸಬೇಕು, ಆ ಸೇವೆ ಕಟ್ಟಡದಿಂದ ಆರಂಭವಾಗದೆ ಒಬ್ಬ ತರಬೇತಾದ ಸಿಬ್ಬಂದಿಯಿಂದ ಮತ್ತು ಯಾವ ಕಾಗದ ಎಲ್ಲಿದೆಯೆಂದು ತಿಳಿಸುವ ಒಂದು ನಂಬಲರ್ಹ ಸೂಚಿಯಿಂದ ಆರಂಭವಾಗಬೇಕು ಎಂಬ ಮಾತನ್ನು ತಮ್ಮ ಪತ್ರಿಕೆಯ ಮೂಲಕ ಕುಲಪತಿಗಳ, ಸಿಂಡಿಕೇಟ್ ಸದಸ್ಯರ ಹಾಗೂ ಓದುಗರ ಮುಂದಿಡಲು ಬಯಸುತ್ತೇನೆ.

ಈ ಮೂರು ಜಿಲ್ಲೆಗಳಲ್ಲಿ ಈಗ ಉನ್ನತ ಶಿಕ್ಷಣಕ್ಕೆ ಕೊರತೆಯಿಲ್ಲ. ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ಮಹಿಳಾ ವಿಶ್ವವಿದ್ಯಾಲಯ ಇಂದು ಅಕ್ಕಮಹಾದೇವಿಯ ಹೆಸರಿನಲ್ಲಿ ನಡೆಯುತ್ತಿದೆ. ಬೆಳಗಾವಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದುದು 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಗಿದೆ. ಇವುಗಳಲ್ಲಿ ಗ್ರಂಥಾಲಯಗಳಿವೆ, ಗ್ರಂಥಪಾಲಕರಿದ್ದಾರೆ, ಅವರ ಸೇವೆಯ ಬಗ್ಗೆ ನನಗೆ ಗೌರವವಿದೆ. ಆದರೆ ಗ್ರಂಥಾಲಯದ ಒಂದು ಮೂಲೆಯಲ್ಲಿ ಹಳೆಯ ಕಾಗದಗಳಿಗೆ ಒಂದು ಕಪಾಟು ಕೊಟ್ಟ ಮಾತ್ರಕ್ಕೆ ಅದು ಪತ್ರಾಗಾರವಾಗುವುದಿಲ್ಲ. ಮುದ್ರಿತ ಪುಸ್ತಕದ ಒಂದು ಪ್ರತಿ ಇಲ್ಲಿ ಕಳೆದರೆ ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಇನ್ನೊಂದು ಪ್ರತಿ ಸಿಕ್ಕೀತು. ಒಬ್ಬ ರೈತ 1877ರಲ್ಲಿ ಕಲೆಕ್ಟರ್ ಸಾಹೇಬರಿಗೆ ಬರೆದುಕೊಂಡ ಅರ್ಜಿ ಕಳೆದರೆ ಅದಕ್ಕೆ ಎರಡನೆಯ ಪ್ರತಿಯಿಲ್ಲ. ಪುಸ್ತಕಗಳನ್ನು ವಿಷಯಕ್ಕೆ ತಕ್ಕಂತೆ ವಿಂಗಡಿಸಬಹುದು. ಕಚೇರಿಯ ಅಥವಾ ಮನೆತನದ ಕಾಗದಗಳನ್ನು ಹಾಗೆ ವಿಂಗಡಿಸಲು ಹೋದರೆ ಅವುಗಳ ಅರ್ಥವೇ ಕೆಡುತ್ತದೆ. ಅರ್ಜಿ, ಅದರ ಮೇಲಿನ ಶೆರೆ (ಅಧಿಕಾರಿಯ ಟಿಪ್ಪಣಿ), ಊರ ಲೆಕ್ಕಪತ್ರ ನೋಡುವ ಕುಲಕರ್ಣಿಯ ವರದಿ, ಹೊಲದ ನಕಾಶೆ, ಕೊನೆಯ ಹುಕುಂ, ಇವೆಲ್ಲ ಒಂದೇ ಗಂಟಿನಲ್ಲಿ ಒಂದರ ಹಿಂದೊಂದು ಇದ್ದರೆ ಮಾತ್ರ ನಡೆದದ್ದೇನು ಎಂಬುದು ತಿಳಿಯುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಯಾರೋ ನಕಾಶೆಗಳನ್ನೆಲ್ಲ ತೆಗೆದು ಬೇರೆ ಕಡೆ ಇಟ್ಟರೆ, ಉಳಿದ ಕಾಗದ ಮೂಕವಾಗುತ್ತದೆ. ಆದ್ದರಿಂದಲೇ ಕಾಗದ ಎಲ್ಲಿ ಹುಟ್ಟಿತೋ ಆ ಹುಟ್ಟಿನ ಗುರುತನ್ನೂ, ಅದು ಬಂದ ಕ್ರಮವನ್ನೂ ಕಾಯ್ದುಕೊಳ್ಳುವುದು ಪತ್ರಾಗಾರದ ಮೊದಲ ನಿಯಮವಾಗಿದೆ. ಇದನ್ನು ಕಲಿತವರೇ ಈ ಕೆಲಸ ಮಾಡಬೇಕು.

ಸೂಚಿಯ ವಿಷಯ ನಮ್ಮ ಜಿಲ್ಲೆಗಳಿಗೆ ಬೇರೆ ಜಿಲ್ಲೆಗಳಿಗಿಂತ ಹೆಚ್ಚು ಮುಖ್ಯವಾಗುವುದಕ್ಕೆ ನಮ್ಮ ಆಡಳಿತದ ಚರಿತ್ರೆಯೇ ಕಾರಣ. ವಿಜಯಪುರವನ್ನೇ ತೆಗೆದುಕೊಳ್ಳೋಣ. 1490ರಿಂದ 1686ರವರೆಗೆ ಆದಿಲಶಾಹಿಗಳ ರಾಜಧಾನಿಯಾಗಿದ್ದ ಈ ಊರು ಆ ಮೇಲೆ ಮೊಗಲರ, ನಿಜಾಮರ, 1760ರ ನಂತರ ಪೇಶವೆಯರ ಕೈಗೆ ಹೋಯಿತು. 1818ರಲ್ಲಿ ಪೇಶವೆಯರ ಆಳ್ವಿಕೆ ಮುಗಿದಾಗ ಇದು ಸಾತಾರದ ಅರಸರ ಪಾಲಿಗೆ ಬಂತು. 1848ರಲ್ಲಿ ಸಾತಾರ ಸಂಸ್ಥಾನವನ್ನು ಕಂಪನಿ ಸರಕಾರ ವಶಪಡಿಸಿಕೊಂಡಿತು. 1864ರಲ್ಲಿ ಕಲಾದಗಿ ಜಿಲ್ಲೆ ಏರ್ಪಟ್ಟು, 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಬೆಳಗಾವಿ 1836ರವರೆಗೆ ಧಾರವಾಡದ ಕಲೆಕ್ಟರರ ಆಡಳಿತಕ್ಕೆ ಸೇರಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು 1948ರವರೆಗೆ ಅರಸರಾಗಿದ್ದರು. ಆ ಸಂಸ್ಥಾನಗಳ ಊರುಗಳು ಬ್ರಿಟಿಷ್ ಜಿಲ್ಲೆಗಳ ಊರುಗಳ ನಡುನಡುವೆ ಹರಡಿಕೊಂಡಿದ್ದವು. 1956ರ ನವೆಂಬರ್ 1ರಂದು ನಾವು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದೆವು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಇದರ ಪರಿಣಾಮವನ್ನು ಸಂಶೋಧಕರು ಪ್ರತಿ ಹೆಜ್ಜೆಯಲ್ಲಿಯೂ ಅನುಭವಿಸುತ್ತಾರೆ. 1840ರ ಸುಮಾರಿಗೆ ವಿಜಯಪುರದ ಒಂದು ಕೆರೆಯ ಬಗ್ಗೆ ತಿಳಿಯಬೇಕಾದವರು ವಿಜಯಪುರ ಎಂಬ ತಲೆಬರಹದಡಿ ಹುಡುಕಿದರೆ ಏನೂ ಸಿಗಲಿಕ್ಕಿಲ್ಲ. ಅವರು ಸಾತಾರದ ಕಾಗದಗಳಲ್ಲಿ ಹುಡುಕಬೇಕು. 1876–78ರ ಭೀಕರ ಬರಗಾಲದಲ್ಲಿ ನಮ್ಮ ಹಳ್ಳಿಗಳು ಬರಿದಾದ ಬಗೆಯನ್ನು ತಿಳಿಯಬೇಕಾದವರು ಕಲಾದಗಿ ಜಿಲ್ಲೆಯ ವರದಿಗಳನ್ನು ನೋಡಬೇಕು. 1824ರ ಕಿತ್ತೂರಿನ ಹೋರಾಟ, ಅದೇ ವರ್ಷದ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕೊಲ್ಲಲ್ಪಟ್ಟ ಪ್ರಸಂಗ, ಇವುಗಳ ಬಗ್ಗೆ ಅಂದಿನ ಅಧಿಕಾರಿಗಳ ನಡುವೆ ನಡೆದ ಪತ್ರವ್ಯವಹಾರಕ್ಕಾಗಿ ಧಾರವಾಡದ ಕಲೆಕ್ಟರರ, ದಖನ್ನಿನ ಕಮಿಷನರರ ಮತ್ತು ಮುಂಬಯಿ ಸರಕಾರದ ದಫ್ತರಗಳನ್ನು ತೆರೆಯಬೇಕು. ಇನಾಮು ಜಮೀನುಗಳ ಬಗ್ಗೆ ಅಧ್ಯಯನ ಮಾಡುವವರು 1852ರ ಕಾಯಿದೆಯಂತೆ ಕೆಲಸ ಮಾಡಿದ ಇನಾಮು ಕಮಿಷನ್ನಿನ ಕಾಗದಗಳಿಗಾಗಿ ಪುಣೆಗೆ ಹೋಗಬೇಕು. ಮುಂಬಯಿಯಲ್ಲಿ 1821ರಿಂದ ಬೆಳೆದುಬಂದ ದಾಖಲೆ ಕಚೇರಿ, ಪುಣೆಯ ಪೇಶವೆ ದಫ್ತರ, ಕೊಲ್ಹಾಪುರದ ಪತ್ರಾಗಾರ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಬೆಂಗಳೂರಿನ ರಾಜ್ಯ ಪತ್ರಾಗಾರ, ಇವೆಲ್ಲವೂ ನಮ್ಮ ಮೂರು ಜಿಲ್ಲೆಗಳ ಸಂಶೋಧಕರಿಗೆ ಅನಿವಾರ್ಯ. ವಿಜಯಪುರದ ಆಸಾರ ಮಹಲಿನಲ್ಲಿದ್ದ ಅರೇಬಿಕ್, ಫಾರ್ಸಿ ಹಸ್ತಪ್ರತಿಗಳನ್ನಂತೂ 1853ರಲ್ಲಿ ಲಂಡನ್ನಿಗೆ ಸಾಗಿಸಲಾಯಿತು. ಅವು ಇಂದು ಅಲ್ಲಿಯ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಆ ಕಾಗದಗಳನ್ನೆಲ್ಲ ವಾಪಸು ತರಬೇಕೆಂದು ನಾನು ಕೇಳುತ್ತಿಲ್ಲ. ಅವು ಅಲ್ಲಿಯ ಸಂಸ್ಥೆಗಳ ರಕ್ಷಣೆಯಲ್ಲಿವೆ, ಅಲ್ಲಿಯ ಕ್ರಮಕ್ಕೆ ಸೇರಿವೆ. ಗಡಿಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದಿರುವ ಹೊತ್ತಿನಲ್ಲಿ ಹಳೆಯ ಕಾಗದಗಳನ್ನೂ ಎರಡು ರಾಜ್ಯಗಳ ಜಗ್ಗಾಟಕ್ಕೆ ಎಳೆಯುವುದು ಯಾರಿಗೂ ಒಳಿತಲ್ಲ. ಬೇಕಾಗಿರುವುದು ಯಾವ ಕಾಗದ ಎಲ್ಲಿದೆ, ಯಾವ ಇಲಾಖೆಯ ಯಾವ ವರ್ಷದ ಎಷ್ಟನೆಯ ಸಂಪುಟದಲ್ಲಿದೆ, ಯಾವ ಭಾಷೆ ಮತ್ತು ಲಿಪಿಯಲ್ಲಿದೆ, ನೋಡಲು ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಹೇಳುವ ಒಂದು ಸಂಯುಕ್ತ ಸೂಚಿ. ಅದರ ಜತೆಗೆ, ಇಂತಿಂಥ ತಾಲ್ಲೂಕು ಇಂತಿಂಥ ವರ್ಷಗಳಲ್ಲಿ ಯಾವ ಆಡಳಿತದ ಕೆಳಗಿತ್ತು ಎಂಬ ಒಂದು ಪಟ್ಟಿ ಬೇಕು. ಕೇಳಲು ಇದು ಸಣ್ಣ ಕೆಲಸದಂತೆ ತೋರಬಹುದು. ಆದರೆ ಇಂಡಿ, ಸಿಂದಗಿ, ಹುನಗುಂದ, ಬೀಳಗಿ, ಗೋಕಾಕ, ಅಥಣಿ ತಾಲ್ಲೂಕುಗಳಿಗೆ ಇಂಥ ಪಟ್ಟಿಯನ್ನು ಸಿದ್ಧಪಡಿಸಿದರೆ ಮುಂದೆ ಬರುವ ಪ್ರತಿಯೊಬ್ಬ ಸಂಶೋಧಕನ ತಿಂಗಳುಗಟ್ಟಲೆ ಹುಡುಕಾಟ ತಪ್ಪುತ್ತದೆ. ಇಂದು ಒಬ್ಬ ವಿದ್ಯಾರ್ಥಿನಿ ಪುಣೆಗೆ ಹೋಗಿ, ಅಲ್ಲಿ ವಸತಿಗೆ ಹಣ ತೆತ್ತು, ಮೊದಲ ಕೆಲವು ದಿನಗಳನ್ನು ಯಾವ ರುಮಾಲು (ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು) ಕೇಳಬೇಕು ಎಂಬುದನ್ನು ತಿಳಿಯುವುದರಲ್ಲಿಯೇ ಕಳೆಯುತ್ತಾಳೆ. ಶಿಷ್ಯವೇತನವಿಲ್ಲದ ಬಡ ಮನೆಯ ಮಕ್ಕಳು ಆ ದಾರಿಯನ್ನೇ ಬಿಟ್ಟು, ಈಗಾಗಲೇ ಅಚ್ಚಾದ ಪುಸ್ತಕಗಳಿಂದಲೇ ಪ್ರಬಂಧ ಮುಗಿಸುತ್ತಾರೆ. ನಮ್ಮ ಭಾಗದ ಎಷ್ಟೋ ಪ್ರಬಂಧಗಳು ಒಂದನ್ನೊಂದು ಹೋಲುವುದಕ್ಕೆ ವಿದ್ಯಾರ್ಥಿಗಳ ಸೋಮಾರಿತನವನ್ನು ದೂರುವವರಿದ್ದಾರೆ. ಮೂಲ ಆಕರ ಅವರ ಕೈಗೆಟುಕದಿರುವುದೇ ಅದಕ್ಕಿಂತ ದೊಡ್ಡ ಕಾರಣವೆಂದು ನಾನು ಖಚಿತವಾಗಿ ನಂಬಿದ್ದೇನೆ.

ಇದ್ದ ಸಂಗ್ರಹವೂ ಸೇವೆಯಿಲ್ಲದೆ ನಿಷ್ಪ್ರಯೋಜಕವಾಗುವ ಬಗೆಗೆ ಒಂದು ಅನುಭವವನ್ನು ಹೇಳಬೇಕಾಗಿದೆ. ಸಂಸ್ಥೆಯ ಹೆಸರು ಇಲ್ಲಿ ಅನಗತ್ಯ. ಅಲ್ಲಿ ಒಂದು ಮನೆತನದವರು ಭಕ್ತಿಯಿಂದ ಒಪ್ಪಿಸಿದ ಹಳೆಯ ಕಡತಗಳೂ ಓಲೆಗರಿಗಳೂ ಇದ್ದವು. ಕೇಳಿದಾಗ, ಸಂಬಂಧಪಟ್ಟವರು ವರ್ಗವಾಗಿದ್ದಾರೆ, ಕೀಲಿ ಯಾರ ಬಳಿಯಿದೆಯೆಂದು ನೋಡಬೇಕು ಎಂಬ ಉತ್ತರ ಬಂತು. ಪತ್ರ ಬರೆದುಕೊಟ್ಟೆವು, ಮತ್ತೆ ಹೋದೆವು, ಕಡೆಗೆ ಕಪಾಟು ತೆರೆದಾಗ ಒಳಗಿದ್ದವುಗಳ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಬಂದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಹೇಳುವವರೂ ಇರಲಿಲ್ಲ. ಅಲ್ಲಿದ್ದ ಸಿಬ್ಬಂದಿ ಸೌಜನ್ಯದವರೇ. ಅವರಿಗೆ ಈ ಕೆಲಸವನ್ನು ಯಾರೂ ಕಲಿಸಿರಲಿಲ್ಲ, ವಹಿಸಿಯೂ ಇರಲಿಲ್ಲ. ಒಬ್ಬರ ನೆನಪನ್ನೇ ನೆಚ್ಚಿಕೊಂಡ ಸಂಗ್ರಹ ಆ ಒಬ್ಬರು ನಿವೃತ್ತರಾದ ದಿನವೇ ಮುಚ್ಚಿಹೋಗುತ್ತದೆ. ಕಾಗದ ಕೊಟ್ಟ ಮನೆಯವರಿಗೆ ಇದನ್ನು ಹೇಗೆ ತಿಳಿಸಬೇಕೆಂದು ನನಗೆ ತೋಚಲಿಲ್ಲ.

ಒಳ್ಳೆಯ ಪತ್ರಾಗಾರದಲ್ಲಿ ಸಂಶೋಧಕನಿಗೆ ದೊರೆಯುವ ಸೇವೆ ಎಂಥದ್ದು ಎಂಬುದನ್ನು ಹೇಳಿದರೆ ನನ್ನ ಬೇಡಿಕೆ ಸ್ಪಷ್ಟವಾದೀತು. ಅಲ್ಲಿಗೆ ಹೋಗುವ ಮೊದಲೇ ಸೂಚಿಯನ್ನು ಮನೆಯಲ್ಲಿ ಕುಳಿತು ನೋಡಬಹುದು. ಸಂದೇಹವಿದ್ದರೆ ಇ-ಮೇಲ್ ಮೂಲಕ ಕೇಳಿದಾಗ ನಿಗದಿತ ದಿನಗಳೊಳಗೆ ಉತ್ತರ ಬರುತ್ತದೆ. ಓದುವ ಕೋಣೆಯ ಸಮಯ ಗೊತ್ತಿರುತ್ತದೆ ಮತ್ತು ಆ ಸಮಯಕ್ಕೆ ಬಾಗಿಲು ತೆರೆದಿರುತ್ತದೆ. ಬೇಕಾದ ಕಡತದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಸಿಬ್ಬಂದಿ ಅದನ್ನು ತಂದುಕೊಡುತ್ತಾರೆ, ಹಿಂದಿರುಗಿಸಿದಾಗ ಹಾಳೆಗಳನ್ನು ನೋಡಿ ಗುರುತು ಹಾಕಿಕೊಳ್ಳುತ್ತಾರೆ. ಶಾಯಿಯ ಪೆನ್ನಿಗೆ ಅವಕಾಶವಿಲ್ಲ, ಪೆನ್ಸಿಲ್ಲಿನಲ್ಲಿಯೇ ಟಿಪ್ಪಣಿ. ಫ್ಲ್ಯಾಶ್ ಇಲ್ಲದೆ ಸ್ವಂತ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಲು ಒಪ್ಪಿಗೆ ಇರುತ್ತದೆ. ಹಾಳೆ ತೀರ ಬಿರುಸಾಗಿ ಮುರಿಯುವಂತಿದ್ದರೆ ಸಿಬ್ಬಂದಿಯೇ ಪ್ರತಿ ತೆಗೆದುಕೊಡುತ್ತಾರೆ, ಅದರ ದರ ಗೋಡೆಯ ಮೇಲೆ ಬರೆದಿರುತ್ತದೆ. ಪ್ರತಿಯೊಂದು ಕಡತಕ್ಕೂ ಬದಲಾಗದ ಒಂದು ಸಂಖ್ಯೆಯಿರುತ್ತದೆ. ಪ್ರಬಂಧದಲ್ಲಿ ಆ ಸಂಖ್ಯೆಯನ್ನು ಬರೆದರೆ ಇಪ್ಪತ್ತು ವರ್ಷಗಳ ನಂತರ ಇನ್ನೊಬ್ಬರು ಬಂದು ಅದೇ ಹಾಳೆಯನ್ನು ತೆರೆದು, ಹೇಳಿದ್ದು ನಿಜವೇ ಎಂದು ನೋಡಬಹುದು. ಸಂಶೋಧನೆಯ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ಆಧಾರ ಇನ್ನಾವುದೂ ಇಲ್ಲ.

ಯಾರಿಗೆ ಪ್ರವೇಶ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಪಿಎಚ್‌.ಡಿ. ನೋಂದಣಿಯಿದ್ದವರಿಗೆ ಮಾತ್ರ ಎಂಬ ನಿಯಮ ನಮ್ಮ ಭಾಗಕ್ಕೆ ಒಪ್ಪುವುದಿಲ್ಲ. ತಮ್ಮ ಊರಿನ ಚರಿತ್ರೆಯನ್ನು ಬರೆಯುವ ಶಾಲಾ ಮಾಸ್ತರರು, ಮಠದ ಪರಂಪರೆಯನ್ನು ಹುಡುಕುವ ಸ್ವಾಮೀಜಿಗಳು, ಅಜ್ಜನ ಹೆಸರನ್ನು ಸ್ವಾತಂತ್ರ್ಯ ಹೋರಾಟದ ಕಾಗದಗಳಲ್ಲಿ ಹುಡುಕುವ ಮೊಮ್ಮಕ್ಕಳು, ಇವರಿಗೂ ಗುರುತಿನ ಚೀಟಿಯೊಂದನ್ನು ನೋಡಿ ಪ್ರವೇಶ ಕೊಡಬೇಕು. ಬದುಕಿರುವವರ ಖಾಸಗಿ ವಿವರಗಳಿರುವ ಕಾಗದಗಳನ್ನು ಇಂತಿಷ್ಟು ವರ್ಷ ತೆರೆಯಬಾರದೆಂಬ ನಿಯಮ ಬೇಕೇ ಬೇಕು. ರಾಷ್ಟ್ರೀಯ ಪತ್ರಾಗಾರ ಸಾಮಾನ್ಯವಾಗಿ 30 ವರ್ಷ ದಾಟಿದ, ಗೋಪ್ಯವಲ್ಲದ ಕಡತಗಳನ್ನು ಸಂಶೋಧಕರಿಗೆ ತೆರೆಯುತ್ತದೆ. ಆದರೆ ಆ ನಿಯಮ ಬರೆದಿಟ್ಟದ್ದಾಗಿರಬೇಕು. ಅಧಿಕಾರಿ ಬದಲಾದಂತೆ ನಿಯಮ ಬದಲಾಗಬಾರದು.

ಇತ್ತೀಚೆಗೆ ಯಾವ ಸಭೆಗೆ ಹೋದರೂ ಎಲ್ಲವನ್ನೂ ಡಿಜಿಟಲೀಕರಣ ಮಾಡಿಬಿಟ್ಟರೆ ಸಾಕು ಎಂಬ ಮಾತು ಕೇಳಿಬರುತ್ತದೆ. ಈ ಉತ್ಸಾಹವನ್ನು ನಾನು ಸ್ವಾಗತಿಸುತ್ತೇನೆ, ಆದರೆ ಕ್ರಮ ತಪ್ಪಬಾರದೆಂದು ಬೇಡಿಕೊಳ್ಳುತ್ತೇನೆ. ಸೂಚಿಯಿಲ್ಲದೆ ಸ್ಕ್ಯಾನ್ ಮಾಡಿದ ಸಾವಿರಾರು ಚಿತ್ರಗಳು ಕಣಜಕ್ಕೆ ಹಾಕದೆ ಹೊಲದಲ್ಲಿಯೇ ಚೆಲ್ಲಿದ ಕಾಳಿನಂತೆ ಯಾರ ಹೊಟ್ಟೆಗೂ ಬಾರವು. ಕ್ಯಾಮೆರಾ ತಾನೇ ಕೊಟ್ಟ ಅಂಕಿಗಳಷ್ಟೇ ಇರುವ ಚಿತ್ರಗಳ ಮಧ್ಯೆ ಒಂದು ಸನದನ್ನು, ಅಂದರೆ ಹಕ್ಕುಪತ್ರವನ್ನು, ಹುಡುಕುವುದು, ದೂಳಿನ ಗಂಟಿನಲ್ಲಿ ಹುಡುಕುವುದಕ್ಕಿಂತ ಕಷ್ಟ. ಮೊದಲು ಕಡತದ ಹೆಸರು, ಮೂಲ, ಕಾಲ, ಭಾಷೆ, ಹಾಳೆಗಳ ಎಣಿಕೆ, ಸ್ಥಿತಿ ಇವುಗಳನ್ನು ದಾಖಲಿಸಬೇಕು. ಪತ್ರಾಗಾರಗಳ ವಿವರಣೆಗೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಅದನ್ನು ಅನುಸರಿಸುವ ಮುಕ್ತ ತಂತ್ರಾಂಶಗಳು ಹಣವಿಲ್ಲದೆ ದೊರೆಯುತ್ತವೆ. ಆ ಮೇಲೆ ಚಿತ್ರ ತೆಗೆಯುವಾಗ, ಕುಗ್ಗಿಸದ ಮೂಲ ಪ್ರತಿಯೊಂದನ್ನು ಬೇರೆಯಾಗಿ ಕಾಪಾಡಿ, ಓದುಗರಿಗೆ ಹಗುರವಾದ ಇನ್ನೊಂದು ಪ್ರತಿಯನ್ನು ಕೊಡಬೇಕು. ಮೂಲ ಪ್ರತಿಗಳು ಒಂದೇ ಹಾರ್ಡ್ ಡಿಸ್ಕಿನಲ್ಲಿರಬಾರದು. ಬೆಳಗಾವಿಯ ಪ್ರತಿ ವಿಜಯಪುರದಲ್ಲಿ, ವಿಜಯಪುರದ ಪ್ರತಿ ಬೆಳಗಾವಿಯಲ್ಲಿ ಇರುವಂತೆ ಎರಡು ವಿಶ್ವವಿದ್ಯಾಲಯಗಳು ಒಪ್ಪಂದ ಮಾಡಿಕೊಂಡರೆ ದೊಡ್ಡ ಖರ್ಚಿಲ್ಲದೆ ರಕ್ಷಣೆ ಸಿಗುತ್ತದೆ. ಇದು ನಮ್ಮ ಕೈಲಾಗದ ಕೆಲಸವೇನಲ್ಲ. ಪಿಎಚ್‌.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿದ ಮೇಲೆ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಎಲ್ಲರಿಗೂ ದೊರೆಯುತ್ತಿವೆ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ ಎಂಬ ಜಾಲತಾಣದಲ್ಲಿ ಹಳೆಯ ಕಡತಗಳನ್ನು ಹೆಸರಿನಿಂದ, ವರ್ಷದಿಂದ, ಇಲಾಖೆಯಿಂದ ಹುಡುಕಬಹುದು. ನಮ್ಮ ಜಿಲ್ಲೆಗಳ ಕಾಗದಗಳಿಗೂ ಇಂಥ ಒಂದು ಬಾಗಿಲು ಕನ್ನಡದಲ್ಲಿ ತೆರೆಯಬೇಕು.

ಚಿತ್ರ ತೆಗೆದ ನಂತರ ಮೂಲ ಕಾಗದವನ್ನು ಅಲಕ್ಷಿಸುವ ಅಪಾಯವೂ ಇದೆ. ಓಲೆಗರಿಗೆ ವರ್ಷಕ್ಕೊಮ್ಮೆಯಾದರೂ ದೂಳು ತೆಗೆದು ನಿಂಬೆಹುಲ್ಲಿನ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಎರಡು ಹಲಗೆಗಳ ನಡುವೆ ಕಟ್ಟಿಡುವುದು ನಮ್ಮವರಿಗೆ ತಿಳಿದ ವಿದ್ಯೆ. ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತಗಳ ಮೇಲಿನ ಬಳಪದ ಬರಹ ಕೈ ಉಜ್ಜಿದರೆ ಅಳಿಸಿಹೋಗುತ್ತದೆ. ಅದನ್ನು ಮುಟ್ಟುವ ಮೊದಲು ಕಲಿತವರನ್ನು ಕೇಳಬೇಕು. ಹರಿದ ಹಾಳೆಗೆ ಪ್ಲಾಸ್ಟಿಕ್ ಅಂಟುಪಟ್ಟಿ ಹಚ್ಚುವುದನ್ನು, ಹಳೆಯ ಕಡತಗಳಿಗೆ ಕಬ್ಬಿಣದ ಟಾಚಣಿ ಚುಚ್ಚುವುದನ್ನು ಇಂದೇ ನಿಲ್ಲಿಸಬೇಕು. ವಿಜಯಪುರದ ಬಿಸಿಲಿನಲ್ಲಿ ಕಾಗದ ಒಣಗಿ ಪುಡಿಯಾಗುತ್ತದೆ, ಬೆಳಗಾವಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಒಂದೇ ಬಗೆಯ ಉಪಾಯ ಎರಡೂ ಊರುಗಳಿಗೆ ಸಾಲದು.

ಓದಬಲ್ಲವರ ಕೊರತೆ ಇನ್ನೊಂದು ದೊಡ್ಡ ಸಮಸ್ಯೆ. ನಮ್ಮ ಭಾಗದ ಹತ್ತೊಂಬತ್ತನೆಯ ಶತಮಾನದ ಕಂದಾಯ ಕಾಗದಗಳಲ್ಲಿ ಹಲವು, ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ. ಹಿಂದೆ ಪ್ರತಿ ಹೋಬಳಿಯಲ್ಲಿಯೂ ಅದನ್ನು ಸರಾಗವಾಗಿ ಓದುವ ಹಿರಿಯರಿದ್ದರು. ಅವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಜಮೀನಿನ ವ್ಯಾಜ್ಯವಿದ್ದವರು ಮೋಡಿ ಓದಿಸಲು ಊರೂರು ಅಲೆಯುವುದನ್ನು ನಮ್ಮ ಕಡೆಯ ವಕೀಲರು ಚೆನ್ನಾಗಿ ಬಲ್ಲರು. ಆದಿಲಶಾಹಿ ಕಾಲದ ಫರ್ಮಾನುಗಳಿಗೆ ಫಾರ್ಸಿ ಬೇಕು; ವಚನ, ವೈದ್ಯ, ಜ್ಯೋತಿಷದ ಕಟ್ಟುಗಳಿಗೆ ಹಳೆಯ ಕನ್ನಡ ಬರಹದ ಪರಿಚಯ ಬೇಕು. ವಿಜಯಪುರದ ಡಾ. ಫ. ಗು. ಹಳಕಟ್ಟಿ ಸಂಶೋಧನ ಕೇಂದ್ರ ಆದಿಲಶಾಹಿ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತಂದ ಕೆಲಸ, ಮನಸ್ಸಿದ್ದರೆ ಈ ಊರಿನಲ್ಲಿಯೇ ಏನು ಸಾಧ್ಯ ಎಂಬುದನ್ನು ತೋರಿಸಿದೆ. ವಿಶ್ವವಿದ್ಯಾಲಯಗಳು ಇತಿಹಾಸ ಮತ್ತು ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮೋಡಿಯನ್ನೂ ಫಾರ್ಸಿಯನ್ನೂ ಪತ್ರಾಗಾರದಲ್ಲಿಯೇ, ಮೂಲ ಕಾಗದಗಳ ಚಿತ್ರಗಳನ್ನು ಮುಂದಿಟ್ಟುಕೊಂಡು ಕಲಿಸಬೇಕು. ಕಲಿತ ವಿದ್ಯಾರ್ಥಿ ಇಂತಿಷ್ಟು ಹಾಳೆಗಳ ಸಾರವನ್ನು ಸೂಚಿಗೆ ಬರೆದುಕೊಟ್ಟರೆ ಅಂಕ ಸಿಗುವಂತೆ ಮಾಡಿದರೆ, ಕಲಿಕೆಯೂ ಆಗುತ್ತದೆ, ಸೂಚಿಯೂ ಬೆಳೆಯುತ್ತದೆ.

ಹಳಕಟ್ಟಿಯವರ ಹೆಸರು ಬಂದ ಮೇಲೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆ ಮನೆ, ಮಠ ಮಠ ತಿರುಗಿ ವಚನಗಳ ಓಲೆಗರಿಗಳನ್ನು ಕಲೆಹಾಕಿದರು. 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. 1925ರಲ್ಲಿ ಇದ್ದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಿಂದ ಶಿವಾನುಭವ ಪತ್ರಿಕೆ ನಡೆಸಿದರು. ಅವರಿಗೆ ಕಟ್ಟು ಕೊಟ್ಟವರು ನಂಬಿ ಕೊಟ್ಟರು. ಇಂದಿಗೂ ನಮ್ಮ ಹಳ್ಳಿಗಳ ದೇಸಾಯಿ, ಕುಲಕರ್ಣಿ, ಪಾಟೀಲ, ಶೆಟ್ಟಿ ಮನೆತನಗಳಲ್ಲಿ, ಮಠಗಳಲ್ಲಿ, ದರ್ಗಾಗಳಲ್ಲಿ ಎಷ್ಟೋ ಕಟ್ಟುಗಳು ಅಟ್ಟದ ಮೇಲಿವೆ. ಅವುಗಳನ್ನು ಕೊಡಿರೆಂದು ಕೇಳುವ ಮೊದಲು ವಿಶ್ವವಿದ್ಯಾಲಯ ತಾನೇನು ಕೊಡುತ್ತದೆ ಎಂಬುದನ್ನು ಹೇಳಬೇಕು. ಸಾಲುಸಾಲಾಗಿ ಬರೆದ ರಸೀದಿ, ಮನೆಯವರಿಗೆ ಪೂರ್ಣ ಚಿತ್ರಪ್ರತಿ, ಯಾವುದನ್ನು ತೆರೆಯಬೇಕು ಯಾವುದನ್ನು ತೆರೆಯಬಾರದು ಎಂಬ ಬಗ್ಗೆ ಅವರ ಇಚ್ಛೆಗೆ ಮನ್ನಣೆ, ಬೇಡವೆನಿಸಿದರೆ ಹಿಂದಕ್ಕೆ ಪಡೆಯುವ ಹಕ್ಕು, ಇಷ್ಟನ್ನು ಒಪ್ಪಂದದಲ್ಲಿ ಬರೆದುಕೊಡಬೇಕು. ಮೂಲ ಕೊಡಲು ಮನಸ್ಸಿಲ್ಲದವರ ಮನೆಗೇ ಹೋಗಿ ಚಿತ್ರ ತೆಗೆದು ಬರಬೇಕು. ಮಹಿಳಾ ವಿಶ್ವವಿದ್ಯಾಲಯವಂತೂ ಪತ್ರಾಗಾರಗಳು ಸಾಮಾನ್ಯವಾಗಿ ಮಾಡದ ಕೆಲಸವನ್ನು ಕೈಗೆತ್ತಿಕೊಳ್ಳಬಹುದು. ಹೆಣ್ಣುಮಕ್ಕಳ ಓಲೆಗಳು, ಅವರ ಲೆಕ್ಕದ ಪುಸ್ತಕಗಳು, ಬೀಸುವ ಪದ, ಸೋಬಾನೆ ಪದಗಳ ಧ್ವನಿಮುದ್ರಣಗಳು ಸರಕಾರಿ ದಫ್ತರಗಳಲ್ಲಿ ಸಿಗುವುದು ಅಪರೂಪ. ಹಲಸಂಗಿಯ ಗೆಳೆಯರು ಹಳ್ಳಿಯ ತಾಯಂದಿರ ಬಾಯಿಂದ ಹಾಡುಗಳನ್ನು ಬರೆದುಕೊಂಡ ಜಿಲ್ಲೆ ಇದು. ಮುಂದಿನ ತಲೆಮಾರುಗಳ ಜಾನಪದ ವಿದ್ವಾಂಸರು ತುಂಬಿಸಿಕೊಂಡ ಕ್ಯಾಸೆಟ್ಟುಗಳು ಅವರವರ ಮನೆಗಳಲ್ಲಿ ಹಾಳಾಗುತ್ತಿವೆ. ಅವುಗಳನ್ನು ನುಡಿಸುವ ಯಂತ್ರಗಳೇ ಕಣ್ಮರೆಯಾಗುತ್ತಿವೆ.

ಎಲ್ಲಕ್ಕಿಂತ ತುರ್ತಾದದ್ದು ಕೃಷ್ಣಾ ತೀರದ ಹಳ್ಳಿಗಳ ಕಾಗದಗಳು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಯೋಜನೆ ನಮ್ಮ ಹೊಲಗಳಿಗೆ ನೀರು ಕೊಟ್ಟಿತು. ಹಳೆಯ ಬಾಗಲಕೋಟೆಯ ಭಾಗಗಳನ್ನೂ ನದಿದಂಡೆಯ ಹಲವಾರು ಹಳ್ಳಿಗಳನ್ನೂ ನೀರೊಳಗೆ ಸೇರಿಸಿತು. ಸ್ಥಳಾಂತರದ ಗಡಿಬಿಡಿಯಲ್ಲಿ ಜನ ಪಾತ್ರೆ-ಪಗಡ, ದನಕರುಗಳನ್ನು ಸಾಗಿಸಿದರು, ಅಟ್ಟದ ಕಟ್ಟುಗಳನ್ನು ಹಲವರು ಅಲ್ಲಿಯೇ ಬಿಟ್ಟರು. ಈಗ ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿಯೇ ಅನುಮತಿ ಕೊಟ್ಟಿದ್ದು, ಅದು ಜಾರಿಯಾದಾಗ ಇನ್ನಷ್ಟು ಊರುಗಳು ಏಳಬೇಕಾಗುತ್ತದೆ. ಭೂಮಿಗೆ, ಮನೆಗೆ ಪರಿಹಾರ ನಿಗದಿಯಾಗುತ್ತದೆ, ಮರಗಳನ್ನೂ ಎಣಿಸುತ್ತಾರೆ. ಆ ಮನೆಗಳ ಕಾಗದಗಳನ್ನು ಎಣಿಸುವವರು ಯಾರು? ಶಾಲೆಯ ಹಾಜರಿ ಪುಸ್ತಕ, ದೇವಸ್ಥಾನದ ಜಾತ್ರೆಯ ಲೆಕ್ಕ, ಸಹಕಾರಿ ಸಂಘದ ಠರಾವು ಪುಸ್ತಕ, ಊರಿನ ಹಳೆಯ ಫೋಟೊಗಳು, ಹಿರಿಯರ ಬಾಯಲ್ಲಿರುವ ಹೊಲ-ಹಳ್ಳಗಳ ಹೆಸರುಗಳು, ಇವನ್ನೆಲ್ಲ ದಾಖಲಿಸಲು ಬಾಗಲಕೋಟೆ ಮತ್ತು ವಿಜಯಪುರದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ತಂಡಗಳು ಊರು ಖಾಲಿಯಾಗುವ ಮುನ್ನವೇ ಹೋಗಬೇಕು. ಈ ಕೆಲಸಕ್ಕೆ ಪುನರ್ವಸತಿಯ ಹಣದಲ್ಲಿ ಒಂದು ಸಣ್ಣ ಪಾಲನ್ನು ತೆಗೆದಿಡುವಂತೆ ಸರಕಾರವನ್ನು ಒತ್ತಾಯಿಸುವುದು ಜನಪ್ರತಿನಿಧಿಗಳ ಹೊಣೆ.

ವಿಶ್ವವಿದ್ಯಾಲಯದ ಸ್ವಂತ ದಾಖಲೆಗಳ ವಿಷಯವೂ ಇದೆ. ಬೆಳಗಾವಿಯ ಸ್ನಾತಕೋತ್ತರ ಕೇಂದ್ರದ ಕಾಲದ ಕಡತಗಳು, ವಿದ್ಯಾವಿಷಯಕ ಪರಿಷತ್ತಿನ ನಡಾವಳಿಗಳು, ಪಠ್ಯಕ್ರಮಗಳು, ಕಟ್ಟಡಗಳ ನಕ್ಷೆಗಳು, ವಿದ್ಯಾರ್ಥಿ ಸಂಘಗಳ ಪತ್ರಿಕೆಗಳು, ಇವು ಉತ್ತರ ಕರ್ನಾಟಕದ ಶಿಕ್ಷಣ ಚರಿತ್ರೆಯ ಆಕರಗಳು. ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸಬೇಕೇ ಬೇಡವೇ ಎಂಬ ಚರ್ಚೆ 2025ರಲ್ಲಿ ರಾಜ್ಯದಾದ್ಯಂತ ನಡೆದಾಗ, ವಿಲೀನವಾದರೆ ಅವುಗಳ ದಾಖಲೆಗಳು ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಯಾರೂ ಎತ್ತಿದ್ದು ನನ್ನ ಗಮನಕ್ಕೆ ಬರಲಿಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣ, ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನೆಲ್ಲ ಸರಿಯಾಗಿ ಪಟ್ಟಿ ಮಾಡಿ ಸೂಚಿಯೊಡನೆ ಇಟ್ಟುಕೊಳ್ಳಬೇಕೆಂದು ವಿಧಿಸಿದೆ. ಆದ್ದರಿಂದ ಸೂಚಿ ಮಾಡುವುದು ಸಂಶೋಧಕರ ಮೇಲಿನ ಕೃಪೆಯಲ್ಲ, ಕಾನೂನು ಹೊರಿಸಿದ ಕರ್ತವ್ಯ. ರದ್ದಿಗೆ ಹಾಕುವ ಮೊದಲು ಪತ್ರಾಗಾರದ ಸಿಬ್ಬಂದಿ ನೋಡಿ ಸಹಿ ಮಾಡದ ಹೊರತು ವಿಶ್ವವಿದ್ಯಾಲಯದ ಯಾವ ಹಳೆಯ ಕಡತವೂ ಆವರಣದಿಂದ ಹೊರಗೆ ಹೋಗಬಾರದೆಂಬ ಒಂದು ಸುತ್ತೋಲೆಗೆ ಹಣವೂ ಬೇಕಿಲ್ಲ.

ಹಣದ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಬೋಧಕ ಹುದ್ದೆಗಳೇ ಖಾಲಿಯಿರುವಾಗ ಆರ್ಕೈವಿಸ್ಟ್ (ಪತ್ರಾಗಾರ ತಜ್ಞ) ಹುದ್ದೆಯನ್ನು ಎಲ್ಲಿಂದ ತರುವುದು ಎಂದು ಕುಲಸಚಿವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮೂರೂ ವಿಶ್ವವಿದ್ಯಾಲಯಗಳು ಸೇರಿ ಆರಂಭದಲ್ಲಿ ಒಬ್ಬರನ್ನು ನೇಮಿಸಿಕೊಳ್ಳಲಿ. ಅವರು ಗ್ರಂಥಾಲಯದ ಸಿಬ್ಬಂದಿಗೆ ತರಬೇತಿ ಕೊಡಲಿ. ಮೊದಲ ವರ್ಷ ಹೊಸದಾಗಿ ಏನನ್ನೂ ಸಂಗ್ರಹಿಸದೆ, ಈಗಾಗಲೇ ಆವರಣದೊಳಗಿರುವುದನ್ನು ಪಟ್ಟಿ ಮಾಡಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ಜ್ಞಾನ ಭಾರತಂ ಅಭಿಯಾನ ಒಂದು ಕೋಟಿಗೂ ಮಿಕ್ಕಿದ ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆಯ ಗುರಿ ಹೊಂದಿದೆ. ತನ್ನ ಬಳಿ ಏನಿದೆಯೆಂದು ಹೇಳಬಲ್ಲ ಸಂಸ್ಥೆಗೆ ಇಂಥ ಯೋಜನೆಗಳ ನೆರವು ಕೇಳಲು ಆಧಾರವಿರುತ್ತದೆ. ಮೋಡಿ ಮತ್ತು ಹಳೆಯ ಕನ್ನಡ ಬರಹ ಓದಬಲ್ಲ ನಿವೃತ್ತ ಅಧ್ಯಾಪಕರು, ಕಂದಾಯ ಇಲಾಖೆಯ ಹಿರಿಯರು ನಮ್ಮ ಮೂರೂ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ಕರೆದರೆ ಸಂಭಾವನೆಯನ್ನು ಬಯಸದೆ ಬಂದು ಕುಳಿತು ಪಟ್ಟಿ ಬರೆಯಲು ಸಿದ್ಧರಿರುವವರಲ್ಲಿ ನಾನೂ ಒಬ್ಬ. ಬರುವ ಶೈಕ್ಷಣಿಕ ವರ್ಷದ ಮೊದಲ ಸಿಂಡಿಕೇಟ್ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಸ್ಥಾನ ಕೊಡಬೇಕೆಂದು ಮೂರೂ ವಿಶ್ವವಿದ್ಯಾಲಯಗಳ ಕುಲಪತಿಗಳನ್ನು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ,
ವಿಜಯಪುರ